ಕ್ಯಾಸೆಟ್ ನಿಂತ ಜಾಗದಿಂದ ಮುಂದಕ್ಕೆ: ಮೆಟಾಲಿಕಾ ನೋಡಲು ದಾವಣಗೆರೆಯಿಂದ ಬೆಂಗಳೂರಿಗೆ

ಮೊದಲು ಆ ಕ್ಯಾಸೆಟ್ಟಿನ ವಿಷಯ ಹೇಳಿಬಿಡುತ್ತೇನೆ. ಅದಿಲ್ಲದಿದ್ದರೆ ಈ ಪ್ರವಾಸವೇ ಇರುತ್ತಿರಲಿಲ್ಲ.

1999ರಲ್ಲಿ ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಸೇರಿದೆ. ಹಾಸ್ಟೆಲ್ ರೂಮಿನಲ್ಲಿ ಇಬ್ಬರು. ಇನ್ನೊಬ್ಬ ಅದೇ ಊರಿನವನು, ಆದರೂ ಮನೆಯಲ್ಲಿ ಓದಲು ಆಗಲ್ಲ ಅಂತ ಹಟ ಮಾಡಿ ಹಾಸ್ಟೆಲ್ ಸೇರಿದ್ದ. ನಾವು ಹೆಸರು ಹಿಡಿದು ಕರೆದುಕೊಂಡಿದ್ದೇ ಕಡಿಮೆ. ದೋಸ್ತ ಅಂತಲೇ ರೂಢಿ. ಇಲ್ಲೂ ಹಾಗೇ ಬರೆಯುತ್ತೇನೆ.

ಬೆಂಗಳೂರಿನ ಸೀನಿಯರ್ ಒಬ್ಬರು ಕೋರ್ಸ್ ಮುಗಿಸಿ ಹೋಗುವಾಗ ನಮಗೆ ಒಂದು ಬಕೆಟ್, ಒಂದು ಡ್ರಾಫ್ಟರ್, ಒಂದು ಕ್ಯಾಸೆಟ್ ಕೊಟ್ಟು ಹೋದರು. ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಯಾರಿಂದಲೋ ತುಂಬಿಸಿಕೊಂಡಿದ್ದು. ಮೇಲೆ ಕೆಂಪು ಪೆನ್ನಿನಲ್ಲಿ ಮೆಟಾಲಿಕಾ ಅಂತ ಇತ್ತು, ಅಷ್ಟೇ. ಅಮೆರಿಕದ ಹೆವಿ ಮೆಟಲ್ ಬ್ಯಾಂಡಿನ ಹೆಸರು ಅದು. ಹಾಡುಗಳ ಹೆಸರಿರಲಿಲ್ಲ. ಎರಡನೇ ಬದಿಯ ಕೊನೆಯ ಹಾಡು ಮೆಲ್ಲಗೆ ಶುರುವಾಗುತ್ತಿತ್ತು. ಒಂಟಿ ಗಿಟಾರ್, ಆಮೇಲೆ ದುಃಖ ನುಂಗಿಕೊಂಡು ಹಾಡುವಂಥ ದನಿ. ನಾಲ್ಕು ನಿಮಿಷ ದಾಟಿ ಗಿಟಾರ್ ಇನ್ನೇನು ಜೋರಾಗಬೇಕು, ಟಕ್. ಟೇಪ್ ಮುಗಿದು ಬಟನ್ ಮೇಲೆ ಹಾರುತ್ತಿತ್ತು. ಹಾಡು ಇರುವುದೇ ಅಷ್ಟು ಅಂದುಕೊಂಡಿದ್ದೆವು.

ವರ್ಷವಾದ ಮೇಲೆ ಸೈಬರ್ ಕೆಫೆಯಲ್ಲಿ ಗೊತ್ತಾಯಿತು. ಹಾಡಿನ ಹೆಸರು 'ಒನ್'. 1988ರ ಆಲ್ಬಮ್‌ನದ್ದು. ಇರುವುದು ಏಳು ನಿಮಿಷಕ್ಕೂ ಜಾಸ್ತಿ. ಯುದ್ಧದಲ್ಲಿ ಕೈ, ಕಾಲು, ಕಣ್ಣು, ಮಾತು ಎಲ್ಲ ಕಳೆದುಕೊಂಡು ಆಸ್ಪತ್ರೆ ಮಂಚದ ಮೇಲೆ ಬಿದ್ದ ಸೈನಿಕನ ಕಥೆ. ನಮ್ಮ ಟೇಪ್ ನಿಲ್ಲುತ್ತಿದ್ದ ಜಾಗದಿಂದ ಮುಂದೆ ಡ್ರಮ್ಮು ಮೆಷಿನ್ ಗನ್ನಿನ ಹಾಗೆ ಹೊಡೆಯಲು ಶುರುವಾಗುತ್ತದೆ. ಆಮೇಲೆ ಪೂರ್ತಿ ಹಾಡನ್ನು ನೂರಾರು ಸಲ ಕೇಳಿದ್ದೇನೆ. ಆದರೂ ಆ ಜಾಗ ಬಂದಾಗೆಲ್ಲ ನನ್ನ ಕಿವಿ ಒಂದು 'ಟಕ್'ಗೆ ಕಾಯುತ್ತದೆ.

ನಾಲ್ಕು ವರ್ಷದಲ್ಲಿ ಆ ಹಾಸ್ಟೆಲ್‌ನಲ್ಲಿ ಮೆಟಾಲಿಕಾ ಕೇಳುವ ಮೂರನೆಯವನು ನಮಗೆ ಸಿಗಲಿಲ್ಲ. ಪಕ್ಕದ ರೂಮಿನವರು ಗೋಡೆ ಬಡಿದು, "ಏನ್ಲೇ, ಗಿರಣಿ ಚಾಲೂ ಮಾಡೀರೇನು?" ಅನ್ನುತ್ತಿದ್ದರು. ನಾವು ಸೌಂಡು ಇಳಿಸಿ, ಕಿವಿಯನ್ನು ಟೇಪ್ ರೆಕಾರ್ಡರಿನ ಹತ್ತಿರ ತಂದು ಕೇಳುತ್ತಿದ್ದೆವು.

ಮೊದಲ ದಿನ, ಶನಿವಾರ, ಅಕ್ಟೋಬರ್ 29, 2011

ಹೊರಡುವ ಹಿಂದಿನ ರಾತ್ರಿಯೇ ಎದೆ ಒಡೆಯುವ ಸುದ್ದಿ ಬಂತು. ಗುರ್‌ಗಾಂವ್‌ನಲ್ಲಿ ಶುಕ್ರವಾರ ನಡೆಯಬೇಕಿದ್ದ ಷೋ ನಡೆಯಲಿಲ್ಲ. ಕಾದು ಕಾದು ಸಿಟ್ಟಿಗೆದ್ದ ಜನ ವೇದಿಕೆಗೇ ನುಗ್ಗಿದರು ಅಂತ ಟಿವಿಯಲ್ಲಿ ತೋರಿಸುತ್ತಿದ್ದರು. ಬೆಂಗಳೂರಿನದ್ದೂ ಹೋಯಿತಾ? ಮೂವತ್ತು ವರ್ಷದ ಬ್ಯಾಂಡು, ಭಾರತಕ್ಕೆ ಮೊದಲ ಸಲ ಬಂದಿದೆ. 2007ರಲ್ಲಿ ಇಂಗ್ಲೆಂಡಿನ ಬ್ಯಾಂಡು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ರಜೆ ಸಿಗದೆ ಕಳೆದುಕೊಂಡಿದ್ದೆವು. ದೋಸ್ತನಿಗೆ ಫೋನ್ ಮಾಡಿದೆ. "ಆಗ್ಲಿ ಬಿಡ್ಲಿ, ಗೇಟಿನ ಮುಂದೆ ನಿಂತು ಬರೋಣ. ಐದೂವರೆಗೆ ರೆಡಿ ಇರು" ಅಂದ.

ದೀಪಾವಳಿ ಮುಗಿದು ಎರಡೇ ದಿನವಾಗಿತ್ತು. ಬೆಳಗಿನ ಜಾವ ಬೈಕ್ ಹತ್ತಿದಾಗ ಬೀದಿಯ ತುಂಬ ಪಟಾಕಿ ಕಾಗದ, ಬಾಗಿಲುಗಳಲ್ಲಿ ಚೆಂಡು ಹೂವಿನ ಸರ ಇನ್ನೂ ಬಾಡಿರಲಿಲ್ಲ. ಬೆಂಗಳೂರಿಗೆ ಸುಮಾರು ಇನ್ನೂರ ಅರವತ್ತು ಕಿಲೋಮೀಟರ್. ಬಸ್ಸಿಗೆ ಹೋಗಬಹುದಿತ್ತು. ಆದರೆ ಈ ರಸ್ತೆಯನ್ನು ಬೈಕಿನಲ್ಲೇ ಹೋಗಬೇಕು ಅಂತ ಹಾಸ್ಟೆಲ್ ದಿನದಿಂದಲೂ ಮಾತಿತ್ತು.

ಭರಮಸಾಗರ ದಾಟುವಾಗ ಬೆಳಕಾಯಿತು. ಈರುಳ್ಳಿ ಕಾಲ. ರಸ್ತೆ ಬದಿಯ ಹೊಲಗಳಲ್ಲಿ ಕಿತ್ತ ಈರುಳ್ಳಿಯ ರಾಶಿ, ಅದರ ಘಾಟು ಹೆಲ್ಮೆಟ್ಟಿನ ಒಳಗೂ ಬರುತ್ತಿತ್ತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಂಡವು. ಅಲ್ಲಿ ಗಾಳಿ ಬೈಕನ್ನು ಪಕ್ಕಕ್ಕೆ ತಳ್ಳುತ್ತದೆ. ಲಾರಿ ಓವರ್‌ಟೇಕ್ ಮಾಡುವಾಗ ಲಾರಿಯ ಮರೆಯಲ್ಲಿ ಗಾಳಿ ನಿಂತು, ಮುಂದೆ ಬಂದ ತಕ್ಷಣ ರಪ್ಪನೆ ಹೊಡೆಯುತ್ತದೆ. ಆ ಹತ್ತು ಹದಿನೈದು ಕಿಲೋಮೀಟರ್ ಹ್ಯಾಂಡಲ್ ಗಟ್ಟಿ ಹಿಡಿದು ಎಡಕ್ಕೇ ಇರುವುದು ಒಳ್ಳೆಯದು.

ಹಿರಿಯೂರು ಬಿಟ್ಟ ಮೇಲೆ ಒಂದು ಅಂಗಡಿಯಲ್ಲಿ ಟೀ. ಎದುರಿನ ಹೊಲದಲ್ಲಿ ಶೇಂಗಾ ಕೀಳುತ್ತಿದ್ದರು. ಅಲ್ಲಿದ್ದ ಅಮ್ಮ ಒಬ್ಬರು ಒಲೆಯ ಮೇಲಿದ್ದ ಪಾತ್ರೆಯಿಂದ ಉಪ್ಪು ಹಾಕಿ ಬೇಯಿಸಿದ ಕಾಯಿ ತೆಗೆದು ಕೊಟ್ಟರು. ಸಿಪ್ಪೆಯೊಳಗೆ ಬಿಸಿ ನೀರು ನಿಂತಿರುತ್ತದಲ್ಲ, ಅದನ್ನು ಹೀರಿ ಆಮೇಲೆ ಬೀಜ ತಿನ್ನಬೇಕು. ದುಡ್ಡು ಕೊಡಲು ಹೋದರೆ, "ಹೊಲದಾಗಿಂದು, ತಿನ್ರಪ್ಪ" ಅಂದರು. ದೋಸ್ತ ಜೇಬಿನಲ್ಲಿ ಎರಡು ಮುಷ್ಟಿ ತುಂಬಿಕೊಂಡ. ತುಮಕೂರಿನ ತನಕ ಅವನ ಜೇಬು ಒದ್ದೆ.

ಸಿರಾ ದಾಟಿ ಕಳ್ಳಂಬೆಳ್ಳ ಹತ್ತಿರ ಹಿಂದಿನ ಚಕ್ರ ಕೂತಿತು. ಮಧ್ಯಾಹ್ನದ ಬಿಸಿಲು ಇಲ್ಲದಿದ್ದರೂ ಬೈಕ್ ತಳ್ಳಿಕೊಂಡು ಒಂದೂವರೆ ಕಿಲೋಮೀಟರ್ ನಡೆದಾಗ ಬೆನ್ನು ನೆನೆಯಿತು. ಪಂಚರ್ ಅಂಗಡಿಯಲ್ಲಿ ಬಿಳಿ ಗಡ್ಡದ ಚಾಚಾ ಒಬ್ಬರಿದ್ದರು. ಟ್ಯೂಬ್ ತೆಗೆದು ಗಾಳಿ ತುಂಬಿ, ನೀರಿನ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತ ಗುಳ್ಳೆ ಹುಡುಕಿದರು. ಒಂದಲ್ಲ, ಎರಡು ಕಡೆ. ನಮ್ಮ ಹತ್ತಿರ ಬೇರೆ ಟ್ಯೂಬ್ ಇರಲಿಲ್ಲ. ಇಟ್ಟುಕೊಂಡಿದ್ದರೆ ಮುಕ್ಕಾಲು ಗಂಟೆ ಉಳಿಯುತ್ತಿತ್ತು.

"ಎಲ್ಲಿಗೆ ಹೊರಟ್ರಿ?"

"ಬೆಂಗಳೂರಿಗೆ ಚಾಚಾ. ಹಾಡು ಕೇಳೋಕೆ."

"ಹಾಡು ಕೇಳೋಕೆ ದಾವಣಗೆರೆಯಿಂದಾನಾ?" ಅಂತ ಕೈ ನಿಲ್ಲಿಸಿ ನಮ್ಮ ಮುಖ ನೋಡಿದರು. ಆಮೇಲೆ ಅರದಿಂದ ಟ್ಯೂಬ್ ಉಜ್ಜುತ್ತ ಹೇಳಿದರು. ಚಿಕ್ಕವರಿದ್ದಾಗ ಉರುಸಿಗೆ ಕವ್ವಾಲಿ ಕೇಳಲು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದರಂತೆ. ಗಾಡಿ ತುಂಬಿದರೆ ನಡೆದುಕೊಂಡೇ. "ಬೆಳಗಾಗೋ ತನಕ ಹಾಡೋರು. ಕೊನೇಲಿ ಗಂಟಲು ಒಡೆದು ಹೋಗಿರೋದು, ಆದ್ರೂ ಬಿಡ್ತಿರ್ಲಿಲ್ಲ. ಅದೇ ಚೆಂದ. ನೀವು ಕೇಳೋರೂ ಹಂಗೇನಾ?" ನಾನು ಹೌದು ಅಂದೆ. ಮೆಟಾಲಿಕಾದ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ದನಿಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ವಿವರಿಸಿಲ್ಲ.

ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ. ಹೊತ್ತು ಮೀರಿತ್ತು, ಆದರೂ ಆವಿಯಾಡುತ್ತಿತ್ತು. ಮೇಲೆ ಬೆಣ್ಣೆ ಕರಗಿ ಅಂಚಿಗೆ ಹರಿಯುವಾಗ ಚಟ್ನಿ ಮುಟ್ಟದೆ ಮೊದಲ ತುತ್ತು ತಿನ್ನಬೇಕು. ಇಬ್ಬರೂ ಮೂರು ಮೂರು ತಿಂದೆವು. ನೆಲಮಂಗಲದಲ್ಲಿ ಮಳೆ ಹಿಡಿಯಿತು. ಫ್ಲೈಓವರ್ ಕೆಳಗೆ ಹತ್ತಿಪ್ಪತ್ತು ಬೈಕುಗಳ ಜತೆ ನಿಂತೆವು. ಅದರಲ್ಲಿ ಒಂದು ಬೈಕಿನ ಹುಡುಗರು ಕಪ್ಪು ಟೀ ಶರ್ಟು. ಎದೆಯ ಮೇಲೆ ಆ ಚೂಪು ಚೂಪು ಅಕ್ಷರ. ದೋಸ್ತ ನನ್ನ ಮೊಣಕೈ ತಿವಿದ. ಹನ್ನೆರಡು ವರ್ಷದಲ್ಲಿ ನಾವು ಕಂಡ ಮೂರನೆಯವನು, ನಾಲ್ಕನೆಯವನು.

"ಎಲ್ಲಿಂದ?" ಅಂದೆ.

"ಹೊಸದುರ್ಗ ಅಣ್ಣ. ನೀವು?"

ಹೊಸದುರ್ಗ! ದಾವಣಗೆರೆಯಿಂದ ಅಷ್ಟು ಹತ್ತಿರ. ಅಲ್ಲೊಬ್ಬ, ಇಲ್ಲೊಬ್ಬ, ಎಲ್ಲರೂ ಸೌಂಡು ಇಳಿಸಿಕೊಂಡು ಕೇಳುತ್ತಿದ್ದೆವು ಅಂತ ಕಾಣುತ್ತದೆ.

ರಾತ್ರಿ ಮಲ್ಲೇಶ್ವರದಲ್ಲಿ ಸೋದರತ್ತೆಯ ಮನೆ. ಷೋ ನಡೆಯುತ್ತದೆ ಅಂತ ಸುದ್ದಿ ಖಚಿತವಾಗಿತ್ತು. ಅತ್ತೆ ಹಬ್ಬದ ಕಜ್ಜಾಯ ಎತ್ತಿಟ್ಟಿದ್ದರು.

ಎರಡನೇ ದಿನ, ಭಾನುವಾರ, ಅಕ್ಟೋಬರ್ 30

ಬೆಳಗ್ಗೆ ಎದ್ದವರೇ ಮಲ್ಲೇಶ್ವರದ ದೋಸೆ ಹೋಟೆಲ್ ಸಿಟಿಆರ್‌ಗೆ ಹೋದೆವು. ಭಾನುವಾರ ಅಲ್ಲಿ ಟೇಬಲ್ ಸಿಗಬೇಕಾದರೆ ತಿನ್ನುತ್ತಿರುವವರ ಬೆನ್ನ ಹಿಂದೆ ನಿಂತು ಕಾಯಬೇಕು. ದೋಸೆ ಕಂದು ಬಣ್ಣಕ್ಕೆ ಗರಿಯಾಗಿ, ಒಳಗೆ ಮೆತ್ತಗೆ ಬಂತು. ದಾವಣಗೆರೆಯವರ ಮುಂದೆ ಬೆಣ್ಣೆ ದೋಸೆ ಮಾತೆತ್ತಿದರೆ ಜಗಳವೇ. ದೋಸ್ತ ಮೊದಲ ತುತ್ತು ಅಗಿದು ಬಹಳ ಹೊತ್ತು ಯೋಚಿಸಿ, "ಇದು ಬೇರೆ ಜಾತಿ. ಚಲೋ ಐತಿ. ಆದ್ರ ನಮ್ಮದು ನಮ್ಮದೇ" ಅಂದ. ನನಗೂ ಹಾಗೇ ಅನ್ನಿಸಿತು. ಸೌದೆ ಒಲೆಯ ಹೊಗೆಯ ವಾಸನೆ ನಮ್ಮ ದೋಸೆಗೆ ಇರುತ್ತದೆ, ಅದು ಬೇರೆಲ್ಲೂ ಬರಲ್ಲ.

ಅರಮನೆ ಮೈದಾನಕ್ಕೆ ನಡೆದೇ ಹೋಗುವುದು ಅಂತ ತೀರ್ಮಾನ ಮಾಡಿದ್ದೆವು. ಅವತ್ತು ತೆಗೆದುಕೊಂಡ ಅತಿ ಒಳ್ಳೆಯ ತೀರ್ಮಾನ ಅದು. ಬೈಕನ್ನು ಅತ್ತೆಯ ಮನೆಯಲ್ಲೇ ಬಿಟ್ಟು, ಸ್ಯಾಂಕಿ ಕೆರೆಯ ಪಕ್ಕದಿಂದ ಸದಾಶಿವನಗರ ಹಾದು ಬಳ್ಳಾರಿ ರಸ್ತೆಗೆ ಬಂದೆವು. ಮೋಡ ಕವಿದಿತ್ತು. ಸಣ್ಣಗೆ ಹನಿ. ಮೇಖ್ರಿ ಸರ್ಕಲ್ ಕಡೆಯಿಂದ ವಾಹನಗಳು ಇಂಚಿಂಚೇ ಸರಿಯುತ್ತಿದ್ದವು. ಕಾರಿನಲ್ಲಿದ್ದವರು ಇಳಿದು ನಡೆಯಲು ಶುರು ಮಾಡಿದ್ದರು. ಫುಟ್‌ಪಾತಿನ ತುಂಬ ಕಪ್ಪು ಬಟ್ಟೆ.

ಗೇಟಿನ ಹತ್ತಿರ ಬಂದೋಬಸ್ತಿಗೆ ನಿಂತಿದ್ದ ಪೇದೆಯೊಬ್ಬರು ನಮ್ಮ ಕನ್ನಡ ಕೇಳಿ ಹತ್ತಿರ ಕರೆದರು. "ಯಾರ್ರೀ ಬಂದಿರೋದು? ಬೆಳಗ್ಗೆಯಿಂದ ನೋಡ್ತಿದೀನಿ, ಒಬ್ರಾದ್ರೂ ಬಿಳಿ ಶರ್ಟು ಹಾಕಿಲ್ಲ. ಅಯ್ಯಪ್ಪ ಮಾಲೆ ಸೀಸನ್ ಇಷ್ಟು ಬೇಗ ಶುರುವಾಯ್ತಾ ಅಂದ್ಕೊಂಡೆ."

"ಅಮೆರಿಕದ ಬ್ಯಾಂಡು ಸರ್."

"ಚೆನ್ನಾಗಿ ಹಾಡ್ತಾರಾ?"

"ಚೆನ್ನಾಗಿ ಹಾಡ್ತಾರೆ ಸರ್."

"ಸರಿ, ಹುಷಾರು. ಒಳಗೆ ತುಂಬಾ ಕೆಸರು. ಪ್ಯಾಂಟು ಮಡಚ್ಕೊಳ್ಳಿ."

ಅವರು ಹೇಳಿದ್ದು ನಿಜ. ಚೆಕಿಂಗ್ ಮುಗಿಸಿ ಒಳಗೆ ಹೋದರೆ ಮೈದಾನ ನಾಟಿಗೆ ಹದ ಮಾಡಿದ ಗದ್ದೆಯಂತಿತ್ತು. ದೋಸ್ತ ಹಬ್ಬಕ್ಕೆ ಕೊಂಡ ಹೊಸ ಚಪ್ಪಲಿ ಹಾಕಿಕೊಂಡು ಬಂದಿದ್ದ. ಹತ್ತು ಹೆಜ್ಜೆಗೆ ಎಡಗಾಲಿನದ್ದು ಕೆಸರಿನಲ್ಲಿ ಕೂತಿತು. ಕೈ ಹಾಕಿ ಹುಡುಕಿದ. ಸಿಗಲಿಲ್ಲ. ಬಲಗಾಲಿನದ್ದನ್ನೂ ಬಿಟ್ಟು ಬರಿಗಾಲಲ್ಲೇ ಮುಂದೆ ನಡೆದ. ಇಂಥ ಕಡೆ ಲೇಸು ಬಿಗಿದ ಶೂ ಬೇಕು, ಅದೂ ಹಳೆಯದು. ನೀರಿನ ಬಾಟಲಿ ಒಳಗೆ ಬಿಡಲಿಲ್ಲ. ನಾವು ಗೇಟಿನಾಚೆಯೇ ಹೊಟ್ಟೆ ತುಂಬ ಕುಡಿದಿದ್ದಕ್ಕೆ ರಾತ್ರಿಯ ತನಕ ತಡೆಯಿತು.

ಕಾಯುವುದೇ ಮೂರು ನಾಲ್ಕು ಗಂಟೆ. ಆದರೆ ಆ ಹೊತ್ತು ನನಗೆ ಹಾಡಿನಷ್ಟೇ ನೆನಪಿದೆ. ಬಲಕ್ಕೆ ಮಿಜೋರಾಂನ ಐದು ಜನ. ಬೆಂಗಳೂರಿನಲ್ಲಿ ಓದುತ್ತಿದ್ದರು. ಅವರ ಊರಿನಲ್ಲಿ ಚರ್ಚಿನಲ್ಲಿ ಗಿಟಾರ್ ಕಲಿತು ಮನೆಗೆ ಬಂದು ಮೆಟಾಲಿಕಾ ನುಡಿಸುತ್ತಾರಂತೆ. ಎಡಕ್ಕೆ ದೆಹಲಿಯಿಂದ ಬಂದ ಇಬ್ಬರು. ಶುಕ್ರವಾರ ಗುರ್‌ಗಾಂವ್‌ನಲ್ಲಿ ನಿಂತು ನಿರಾಶೆಯಾಗಿ, ಸಿಕ್ಕ ವಿಮಾನ ಹಿಡಿದು ಬಂದಿದ್ದರು. ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ. ಅವರ ಕಣ್ಣು ಕೆಂಪಗಿತ್ತು, ಮುಖದಲ್ಲಿ ನಗು.

ಮುಂದೆ ಮೈಸೂರಿನ ಒಬ್ಬರು, ಐವತ್ತರ ಆಸುಪಾಸು, ಮಗಳನ್ನು ಕರೆದುಕೊಂಡು ಬಂದಿದ್ದರು. ಆ ಹುಡುಗಿಗೆ ಹದಿನಾರೋ ಹದಿನೇಳೋ. ಅವರ ಅಣ್ಣ ಗಲ್ಫ್‌ನಿಂದ ತಂದ 'ಮಾಸ್ಟರ್ ಆಫ್ ಪಪೆಟ್ಸ್' ಕ್ಯಾಸೆಟ್ ಅವರ ಮೊದಲನೆಯದು. ನಾನು ಕ್ಲಿಫ್ ಬರ್ಟನ್ ಹೆಸರು ಎತ್ತಿದೆ. ಬ್ಯಾಂಡಿನ ಮೊದಲ ಮೂರು ಆಲ್ಬಮ್‌ಗಳ ಬೇಸ್ ಗಿಟಾರ್ ಅವನದ್ದು. 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್‌ನಲ್ಲಿ ಬ್ಯಾಂಡಿನ ಬಸ್ಸು ಮಗುಚಿ ಸತ್ತಾಗ ಅವನಿಗೆ ಬರೀ 24 ವರ್ಷ. ಮೈಸೂರಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಆ ಸುದ್ದಿ ಗೊತ್ತಾಗಿದ್ದು ಎರಡು ವರ್ಷ ಆದ್ಮೇಲೆ ರೀ. ಅಲ್ಲಿ ತನಕ ಅವನು ಇದಾನೆ ಅಂತಲೇ ಕೇಳ್ತಿದ್ದೆ" ಅಂದರು. ನಮ್ಮ ಹಾಗೆ ದೂರದಲ್ಲಿ ಕೂತು ಕೇಳುವವರಿಗೆ ಎಲ್ಲವೂ ತಡವಾಗಿಯೇ ತಲುಪುತ್ತಿತ್ತು. ಹಾಡು, ಸಾವು, ಹಾಡಿನ ಅರ್ಧ ಭಾಗ.

ಸಂಜೆ ಬೇರೆ ಬ್ಯಾಂಡುಗಳು ನುಡಿಸಿದವು. ಬೆಂಗಳೂರಿನವರೇ ಆದ ಇನ್ನರ್ ಸ್ಯಾಂಕ್ಟಮ್ ಬಂದಾಗ ದೊಡ್ಡ ಕೂಗು ಎದ್ದಿತು. ಸ್ಕಾಟ್ಲೆಂಡಿನ ಬಿಫಿ ಕ್ಲೈರೋ ಕೂಡ ಇದ್ದರು. ಅವರಿಗೆ ಸಲ್ಲಬೇಕಾದ ಗಮನ ನಮ್ಮಲ್ಲಿ ಇರಲಿಲ್ಲ. ಕತ್ತಲಾಗುವುದನ್ನೇ ಕಾಯುತ್ತಿದ್ದೆವು.

ದೀಪ ಆರಿತು. ಪರದೆಯ ಮೇಲೆ ಹಳೆಯ ಕೌಬಾಯ್ ಸಿನಿಮಾದ ಸ್ಮಶಾನದ ದೃಶ್ಯ. ಎನ್ನಿಯೋ ಮೊರಿಕೋನೆ ಸಂಗೀತ. ಎಂಬತ್ತರ ದಶಕದಿಂದಲೂ ಮೆಟಾಲಿಕಾ ವೇದಿಕೆಗೆ ಬರುವುದು ಇದೇ ರಾಗದ ಮೇಲೆ. ಅದರಲ್ಲಿ ಮಾತಿಲ್ಲ. ಆದರೂ ಅಷ್ಟೂ ಜನ ರಾಗವನ್ನು ಬಾಯಲ್ಲಿ ಹಾಡಿದರು. ನಾನು ಹಿಂದೆ ತಿರುಗಿ ನೋಡಿದೆ. ಕತ್ತಲಲ್ಲಿ ತಲೆಗಳು ಎಲ್ಲಿಯವರೆಗೆ ಇವೆ ಅಂತ ಗೊತ್ತಾಗಲಿಲ್ಲ. ಗೋಡೆ ಬಡಿಯುವವರು ಯಾರೂ ಇರಲಿಲ್ಲ.

'ಕ್ರೀಪಿಂಗ್ ಡೆತ್' ಶುರುವಾದ ಕ್ಷಣ ಕಾಲ ಕೆಳಗಿನ ಕೆಸರೇ ನಡುಗಿದ ಹಾಗಾಯಿತು. ಬೇಸ್ ಡ್ರಮ್ಮಿನ ಪೆಟ್ಟು ಕಿವಿಗಿಂತ ಮೊದಲು ಎದೆಗೆ ಬೀಳುತ್ತದೆ. ಟೇಪ್ ರೆಕಾರ್ಡರಿನಲ್ಲಿ ಅದು ಎಂದೂ ಗೊತ್ತಾಗಿರಲಿಲ್ಲ. ಲಾರ್ಸ್ ಉಲ್ರಿಕ್ ಡ್ರಮ್ಮಿನ ಹಿಂದೆ ಕೂತಿದ್ದಕ್ಕಿಂತ ಎದ್ದಿದ್ದೇ ಜಾಸ್ತಿ. ರಾಬರ್ಟ್ ಟ್ರುಹಿಯೋ ಬೇಸ್ ಗಿಟಾರನ್ನು ಮೊಣಕಾಲಿನ ತನಕ ಇಳಿಬಿಟ್ಟುಕೊಂಡು, ಕುಸ್ತಿ ಅಖಾಡದಲ್ಲಿ ಪೈಲ್ವಾನ ಬಗ್ಗಿ ಸುತ್ತು ಹಾಕುವಂತೆ ವೇದಿಕೆಯ ತುಂಬ ಓಡಾಡಿದ. ಗಿಟಾರ್ ನುಡಿಸುವ ಕರ್ಕ್ ಹ್ಯಾಮೆಟ್ ಮಾತ್ರ ತನ್ನ ಪಾಡಿಗೆ ತಾನು, ಕಣ್ಣು ಮುಚ್ಚಿಕೊಂಡು.

'ಫೇಡ್ ಟು ಬ್ಲ್ಯಾಕ್' ಬಂದಾಗ ದೋಸ್ತ ಹಾಡಲಿಲ್ಲ. ಅವನ ಅಪ್ಪ ತೀರಿಕೊಂಡ ವರ್ಷ ಅವನು ಕೇಳುತ್ತಿದ್ದ ಒಂದೇ ಹಾಡು ಅದು. ನನಗೆ ಗೊತ್ತಿತ್ತು. ಅವನ ಹೆಗಲ ಮೇಲೆ ಕೈ ಇಟ್ಟೆ. ಆ ಹೊತ್ತಿಗೆ ಮಿಜೋರಾಂನ ಹುಡುಗನೂ, ಯಾಕೆ ಏನು ಅಂತ ಕೇಳದೆ, ಇನ್ನೊಂದು ಹೆಗಲ ಮೇಲೆ ಕೈ ಇಟ್ಟ.

ಆಮೇಲೆ ಮತ್ತೆ ಕತ್ತಲೆ. ಗುಂಡಿನ ಸದ್ದು. ಹೆಲಿಕಾಪ್ಟರಿನ ಸದ್ದು. ಬೆಳಕು ಫಳ್ ಫಳ್ ಅಂತ ಮಿಂಚಿ ಆರಿತು. ಆಮೇಲೆ ಆ ಒಂಟಿ ಗಿಟಾರ್.

'ಒನ್'.

ಕ್ಯಾಸೆಟ್ಟಿನಲ್ಲಿ ಕೇಳಿದ ಹಾಗೆಯೇ ಇತ್ತು. ಮೆಲ್ಲಗೆ. ಹೆಟ್‌ಫೀಲ್ಡ್ ದನಿ ವಯಸ್ಸಿಗೆ ಸ್ವಲ್ಪ ಒರಟಾಗಿತ್ತು, ಚಾಚಾ ಹೇಳಿದಂತೆ ಅದೇ ಚೆಂದ. ಮೊದಲ ನುಡಿ, ಎರಡನೇ ನುಡಿ. ನಾನು ಮನಸ್ಸಿನಲ್ಲೇ ಟೇಪಿನ ಚಕ್ರ ನೋಡುತ್ತಿದ್ದೆ. ಒಂದು ಕಡೆಯ ಸುರುಳಿ ದಪ್ಪವಾಗುತ್ತ, ಇನ್ನೊಂದು ಕಡೆಯದ್ದು ಸಣ್ಣವಾಗುತ್ತ. ಗಿಟಾರ್ ಜೋರಾಯಿತು. ಅದೇ ಜಾಗ. ದೋಸ್ತ ನನ್ನ ಕಡೆ ತಿರುಗಿ ಬಾಯಿಯಲ್ಲಿ 'ಟಕ್' ಅಂದ. ಸದ್ದು ಕೇಳಲಿಲ್ಲ, ತುಟಿ ಕಂಡಿತು. ಮರುಕ್ಷಣ ಡಗಡಗಡಗ ಅಂತ ಡ್ರಮ್ಮು ಹೊಡೆಯಿತು. ಪ್ರತಿ ಪೆಟ್ಟಿಗೂ ಬೆಳಕು. ಬೆಳಕು ಬಂದಾಗೆಲ್ಲ ಸಾವಿರಾರು ಮುಷ್ಟಿಗಳು ಒಂದೇ ಎತ್ತರಕ್ಕೆ ಎದ್ದು ನಿಂತಿರುವುದು ಕಾಣುತ್ತಿತ್ತು. ಮುಂದಿದ್ದ ಮೈಸೂರಿನ ಅಪ್ಪ ಮಗಳು ಕೈ ಕೈ ಹಿಡಿದುಕೊಂಡು ಕುಪ್ಪಳಿಸುತ್ತಿದ್ದರು. ನಾನು ಅಳುತ್ತಿದ್ದೆ, ಕೂಗುತ್ತಲೂ ಇದ್ದೆ. ಎರಡೂ ಒಟ್ಟಿಗೇ ಬಂದವು.

'ನಥಿಂಗ್ ಎಲ್ಸ್ ಮ್ಯಾಟರ್ಸ್'ಗೆ ಮೈದಾನದ ತುಂಬ ಮೊಬೈಲ್ ಬೆಳಕು. ಕೊನೆಗೆ 'ಸೀಕ್ ಅಂಡ್ ಡೆಸ್ಟ್ರಾಯ್'. 1983ರ ಮೊದಲ ಆಲ್ಬಮ್ಮಿನ ಹಾಡು. ಮುಗಿದ ಮೇಲೂ ನಾಲ್ವರೂ ಬೇಗ ಒಳಗೆ ಹೋಗಲಿಲ್ಲ. ಗಿಟಾರ್ ಪಿಕ್ಕುಗಳನ್ನು ಹಿಡಿ ಹಿಡಿಯಾಗಿ ಜನರ ಕಡೆ ಎಸೆದರು. ನಮ್ಮ ತನಕ ಒಂದೂ ಬರಲಿಲ್ಲ. ಬರದಿದ್ದರೆ ಏನಂತೆ.

ಹೊರಗೆ ಆಟೋ ಸಿಗುವ ಮಾತೇ ಇಲ್ಲ. ನಡೆದೆವು. ದೋಸ್ತ ಬರಿಗಾಲಲ್ಲಿ, ಪಾದಕ್ಕೆ ಒಣಗಿದ ಕೆಸರೇ ಚಪ್ಪಲಿ. ಸ್ಯಾಂಕಿ ಕೆರೆಯ ಹತ್ತಿರ ಎಲ್ಲ ನಿಶ್ಶಬ್ದ. ಕಿವಿಯಲ್ಲಿ ಕುಂಯ್ ಅನ್ನುವ ಸದ್ದು ಮಾತ್ರ. ಇಬ್ಬರಿಗೂ ಗಂಟಲು ಪೂರ್ತಿ ಹೋಗಿತ್ತು, ಮಾತಾಡಲು ಆಗುತ್ತಿರಲಿಲ್ಲ. ಮಾತಾಡುವ ಅಗತ್ಯವೂ ಇರಲಿಲ್ಲ.

ಅತ್ತೆ ಬಾಗಿಲು ತೆಗೆದು ಮೇಲಿಂದ ಕೆಳಗೆ ನೋಡಿದರು. "ಏನ್ರೋ ಇದು, ಗದ್ದೆ ನಾಟಿಗೆ ಹೋಗಿದ್ರಾ? ಅಲ್ಲೇ ನಿಲ್ಲಿ, ಒಳಗೆ ಬರಬೇಡಿ." ಹಿತ್ತಲಿಗೆ ಎರಡು ಬಕೆಟ್ ಬಿಸಿನೀರು ತಂದಿಟ್ಟರು. ಹನ್ನೊಂದೂವರೆ ರಾತ್ರಿಯಲ್ಲಿ ಬಿಸಿ ಅನ್ನ, ಮೆಣಸಿನ ಸಾರು. ಗಂಟಲಿಗೆ ಆ ಸಾರು ಇಳಿದಾಗ ಆದ ಸುಖ ಬರೆಯಲು ಬರುವುದಿಲ್ಲ.

ಮೂರನೇ ದಿನ, ಸೋಮವಾರ, ಅಕ್ಟೋಬರ್ 31

ಕತ್ತು ತಿರುಗಿಸಲು ಆಗಲಿಲ್ಲ. ತಲೆ ಅಲ್ಲಾಡಿಸಿದ್ದರ ಫಲ. ಹನ್ನೊಂದು ಗಂಟೆಗೆ ಎದ್ದು, ಮೊದಲು ದೋಸ್ತನಿಗೆ ಒಂದು ಜೊತೆ ಚಪ್ಪಲಿ ಕೊಂಡೆವು.

ಬೆಂಗಳೂರಿನಲ್ಲಿ ಮೆಟ್ರೋ ಶುರುವಾಗಿ ಹನ್ನೊಂದು ದಿನವಾಗಿತ್ತು. ಎಂಜಿ ರಸ್ತೆಯಿಂದ ಬೈಯಪ್ಪನಹಳ್ಳಿ ತನಕ, ಆರೇ ನಿಲ್ದಾಣ. ಕೆಲಸಕ್ಕೆ ಹೋಗುವವರಿಗಿಂತ ನೋಡಲು ಬಂದವರೇ ಜಾಸ್ತಿ. ಅಜ್ಜಿಯರು, ಮಕ್ಕಳು, ಬುತ್ತಿ ಕಟ್ಟಿಕೊಂಡು ಬಂದ ಸಂಸಾರಗಳು. ರೈಲು ಹಲಸೂರಿನ ಮೇಲೆ ಹಾದಾಗ ತಾರಸಿಗಳಲ್ಲಿ ಒಣಗಿ ಹಾಕಿದ ಬಟ್ಟೆ, ನೀರಿನ ಟ್ಯಾಂಕು, ಕಟ್ಟಿ ಹಾಕಿದ ನಾಯಿ ಎಲ್ಲ ಕೈಗೆಟುಕುವ ಹಾಗೆ ಕಂಡವು. ಪಕ್ಕ ಕೂತ ಅಜ್ಜಿ, "ಎಲ್ಲಿ ಇಳೀಬೇಕಪ್ಪ?" ಅಂದರು. ನನಗೆ ದನಿಯೇ ಬರಲಿಲ್ಲ. ಕೈಸನ್ನೆ ಮಾಡಿದೆ. "ಪಾಪ, ಮಾತು ಬರಲ್ವಾ" ಅಂತ ತಲೆ ಸವರಿ, ಚೀಲದಿಂದ ಕಿತ್ತಳೆ ತೆಗೆದು ಕೊಟ್ಟರು. ಇಲ್ಲ ಅನ್ನಲೂ ಆಗಲಿಲ್ಲ. ತಿಂದೆ. ಗಂಟಲಿಗೆ ಚುರ್ ಅಂತು, ಆದರೆ ಸಿಹಿಯಾಗಿತ್ತು.

ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್‌ನಲ್ಲಿ ಎರಡು ಕಾಫಿ ಕುಡಿದು ಪೇಪರ್ ಓದಿದೆವು. ಪಕ್ಕದ ಟೇಬಲ್ಲಿನಲ್ಲೂ ಕೆಸರು ಹತ್ತಿದ ಶೂಗಳು. ಅವರು ನಮ್ಮನ್ನು ನೋಡಿದರು, ನಾವು ಅವರನ್ನು. ಎರಡೂ ಕಡೆ ಗಂಟಲಿಲ್ಲ. ಬಟ್ಟಲು ಎತ್ತಿ ತೋರಿಸಿದೆವು. ಅಷ್ಟೇ.

ನಾಲ್ಕನೇ ದಿನ, ಮಂಗಳವಾರ, ನವೆಂಬರ್ 1

ರಾಜ್ಯೋತ್ಸವ. ಯಶವಂತಪುರದಿಂದ ತುಮಕೂರಿನ ತನಕ ಆಟೋ, ಲಾರಿ, ಟ್ರ್ಯಾಕ್ಟರ್ ಎಲ್ಲದಕ್ಕೂ ಹಳದಿ ಕೆಂಪು ಬಾವುಟ. ದಾಬಸ್‌ಪೇಟೆಯಲ್ಲಿ ಶಾಲೆ ಮಕ್ಕಳು ಸಾಲಾಗಿ ಹೋಗುತ್ತಿದ್ದರು. ಬೈಕ್ ನಿಲ್ಲಿಸಿದಾಗ ಒಬ್ಬ ಹುಡುಗ ನಮ್ಮ ಹ್ಯಾಂಡಲಿಗೂ ಒಂದು ಬಾವುಟ ಸಿಕ್ಕಿಸಿದ. ಚಿತ್ರದುರ್ಗದ ಗಾಳಿಯಲ್ಲಿ ಅದು ಪಟಪಟ ಹೊಡೆದುಕೊಳ್ಳುತ್ತಲೇ ಬಂತು, ಹರಿಯಲಿಲ್ಲ.

ಕಳ್ಳಂಬೆಳ್ಳದಲ್ಲಿ ಚಾಚಾ ಅಂಗಡಿಯ ಮುಂದೆ ನಿಲ್ಲಿಸಿದೆವು. ಪಂಚರ್ ಏನೂ ಆಗಿರಲಿಲ್ಲ. ನನ್ನ ಒಡೆದ ದನಿ ಕೇಳಿ ಜೋರಾಗಿ ನಕ್ಕರು. "ಹಾಡಿದ್ದು ಅವರಾ, ನೀವಾ?" ಅಂದು, ಟೀ ತರಿಸಿ ಕೊಟ್ಟರು.

ದಾವಣಗೆರೆ ಮುಟ್ಟಿದಾಗ ಸಂಜೆ. ಸೀದಾ ದೋಸ್ತನ ಮನೆ. ಅವನ ಅವ್ವ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿದ್ದರು. ಅವನು ಕೈ ತೊಳೆಯುವ ಮೊದಲು ಅಟ್ಟ ಹತ್ತಿ ರಟ್ಟಿನ ಡಬ್ಬಿ ಇಳಿಸಿದ. ಒಳಗೆ ಹಳೆಯ ಟೇಪ್ ರೆಕಾರ್ಡರ್, ಆ ಕ್ಯಾಸೆಟ್. ಕೆಂಪು ಪೆನ್ನಿನ ಅಕ್ಷರ ಗುಲಾಬಿಗೆ ತಿರುಗಿತ್ತು. ಸಡಿಲವಾದ ಟೇಪನ್ನು ಪೆನ್ಸಿಲ್ ತೂರಿಸಿ ತಿರುಗಿಸಿ ಬಿಗಿ ಮಾಡಿದ. ಎರಡನೇ ಬದಿ ಹಾಕಿ ಮುಂದಕ್ಕೆ ಓಡಿಸಿದ.

ಸದ್ದು ನೀರಿನೊಳಗಿಂದ ಬಂದಂತೆ ಅಲೆಅಲೆಯಾಗಿತ್ತು. ಆದರೂ ಅದೇ ಗಿಟಾರ್. ನಾವಿಬ್ಬರೂ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದೆವು. ಮೊದಲ ನುಡಿ, ಎರಡನೇ ನುಡಿ. ಗಿಟಾರ್ ಜೋರಾಯಿತು.

ಟಕ್.

ಬಟನ್ ಮೇಲೆ ಹಾರಿತು. ಯಾರೂ ಏಳಲಿಲ್ಲ. ದೋಸ್ತ ಬೆರಳ ಗೆಣ್ಣುಗಳಿಂದ ಪಕ್ಕದ ಮರದ ಬೀರುವಿನ ಮೇಲೆ ಹೊಡೆಯಲು ಶುರು ಮಾಡಿದ. ಡಗಡಗಡಗ, ಡಗಡಗಡಗ. ನಾನೂ ಸೇರಿಕೊಂಡೆ.

ಅಡುಗೆ ಮನೆಯಿಂದ ಅವ್ವ ಕೂ‌ಗಿದರು. "ಯಾರಪ್ಪಾ ಅದು ಬಾಗ್ಲು ಬಡಿಯೋರು? ಹೋಗಿ ನೋಡ್ರೋ."